ವಿಳಾಸದ ಕೊನೆಯ ಎರಡು ಅಕ್ಷರ

ಛಾಪಖಾನೆಯಲ್ಲಿ ಎಲ್ಲರೂ ಅವಳನ್ನು ಒತ್ತಕ್ಕ ಎಂದೇ ಕರೆಯುತ್ತಿದ್ದರು. ಪ್ರೂಫ್ ನೋಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಬಿಟ್ಟುಹೋದ ಒಂದೇ ಒಂದು ಒತ್ತಕ್ಷರವೂ ಅವಳ ಕಣ್ಣು ತಪ್ಪಿಸಿ ಅಚ್ಚಿಗೆ ಹೋಗಿರಲಿಲ್ಲ. ಹಾಗಾಗಿ ಪುಟ ಜೋಡಿಸುವ ಡಿಟಿಪಿಯವನು ಒತ್ತಕ್ಷರವನ್ನೂ ಅಕ್ಕನನ್ನೂ ಸೇರಿಸಿ ಈ ಹೆಸರು ಕಟ್ಟಿದ್ದ. ಕೂತಲ್ಲಿ ಕೂರುವ ಜೀವವಲ್ಲ ಅವಳದು. ಔಷಧಿ ಬಾಟಲಿಯ ಚೀಟಿ, ಬಸ್ ಟಿಕೆಟ್ಟಿನ ಹಿಂಬದಿ, ಸೋಪಿನ ಹೊದಿಕೆ, ಏನು ಸಿಕ್ಕರೂ ಓದಬೇಕು. ಓದಿದ ಮೇಲೆ ತಪ್ಪು ಹುಡುಕಬೇಕು. ಹುಡುಕಿದ ಮೇಲೆ ಯಾರಿಗಾದರೂ ಹೇಳಲೇಬೇಕು. ಈ ಕೊನೆಯ ಚಟದಿಂದಲೇ ಅವಳಿಗೆ ಸ್ನೇಹಿತರು ಕಡಿಮೆ ಎಂದು ಅವಳ ಅಕ್ಕ ಹೇಳುತ್ತಿದ್ದಳು.

ಅಕ್ಕ ಅವಳಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಊರಿನ ದೊಡ್ಡಾಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗದ ಈ ಇಬ್ಬರು ಅಕ್ಕತಂಗಿಯರು ಮೂರು ಮಹಡಿಯ ಹಳೆಯ ಕಟ್ಟಡವೊಂದರ ನಡುವಿನ ಮಹಡಿಯಲ್ಲಿದ್ದರು. ಒಟ್ಟು ಎಂಟು ಮನೆ, ಎಲ್ಲಕ್ಕೂ ಒಂದೇ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಎಂಟು ಅಂಚೆಪೆಟ್ಟಿಗೆ, ಅವುಗಳ ಮೇಲೆ ಎಲ್ಲ ಮನೆಗೂ ಇಂಟರ್ನೆಟ್ ಹಂಚುವ ಒಂದು ಡಬ್ಬಿ.

ಒಂದು ಮಂಗಳವಾರ ಬೆಳಿಗ್ಗೆ ಒತ್ತಕ್ಕ ಯಾವುದೋ ಪಠ್ಯಪುಸ್ತಕದ ಮೂರನೆಯ ಪ್ರೂಫ್ ನೋಡುತ್ತಿದ್ದಾಗ ಅಕ್ಕನ ಫೋನ್ ಬಂತು.

"ಒಂಚೂರು ಮನೆಗೆ ಬರ್ತೀಯಾ?"

"ಏನಾಯ್ತಕ್ಕ?"

"ಫೋನಲ್ಲಿ ಹೇಳೋಕಾಗಲ್ಲ. ನಾನು ಯಾರಿಗೂ ಏನೂ ಕಳಿಸಿಲ್ಲ ಕಣೇ. ಅಷ್ಟು ತಿಳ್ಕೋ ಸಾಕು."

ಮನೆಗೆ ಹೋಗಿ ನೋಡಿದರೆ ಅಕ್ಕ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ ಅಡುಗೆಮನೆಯಲ್ಲಿ ಕೂತಿದ್ದಳು. ಆದದ್ದು ಇಷ್ಟು. ಹಿಂದಿನ ದಿನ ಅವಳಿಗೆ ಆಸ್ಪತ್ರೆಯಿಂದ ಒಂದು ಮೇಲ್ ಬಂದಿತ್ತು. ನಿವೃತ್ತ ಸಿಬ್ಬಂದಿಯ ಆರೋಗ್ಯ ಕಾರ್ಡನ್ನು ನವೀಕರಿಸಬೇಕು, ಇಲ್ಲಿ ಒತ್ತಿ ಎಂದಿತ್ತು. ಆಸ್ಪತ್ರೆಯ ಹೆಸರು ಕಂಡ ಮೇಲೆ ಅನುಮಾನ ಪಡುವುದೇನಿದೆ? ಅಕ್ಕ ಒತ್ತಿದಳು, ಕೇಳಿದ್ದಕ್ಕೆಲ್ಲ ಉತ್ತರ ಬರೆದಳು, ಪಾಸ್‌ವರ್ಡನ್ನೂ ಕೊಟ್ಟಳು. ಬೆಳಗಾಗುವಷ್ಟರಲ್ಲಿ ಅವಳ ಹೆಸರಿನಿಂದ ಮುನ್ನೂರ ಹನ್ನೆರಡು ಜನಕ್ಕೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಹೋಗಿತ್ತು. ಜೊತೆಯಲ್ಲಿ ಕೆಲಸ ಮಾಡಿದವರು, ಶಿಷ್ಯೆಯರು, ಗುಣವಾಗಿ ಹೋದ ರೋಗಿಗಳು, ಯಾರನ್ನೂ ಬಿಟ್ಟಿರಲಿಲ್ಲ. ಹಳೆಯ ಮುಖ್ಯ ವೈದ್ಯರು ಒಂದೇ ಸಾಲು ಉತ್ತರ ಬರೆದಿದ್ದರು: ಸಿಸ್ಟರ್, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.

"ಮೂವತ್ತನಾಲ್ಕು ವರ್ಷದಲ್ಲಿ ಒಂದು ಮಾತು ಅನ್ನಿಸಿಕೊಂಡವಳಲ್ಲ," ಎಂದಳು ಅಕ್ಕ. "ಈಗ ಎಣ್ಣೆ ಮಾರೋಕೆ ಹೊರಟಿದಾಳೆ ಅಂತಾರೆ."

ಒತ್ತಕ್ಕ ಟವೆಲ್ ತೆಗೆದು, ಮೊದಲು ಬಂದ ಮೇಲ್‌ನ ವಿಳಾಸವನ್ನು ಪ್ರೂಫ್ ನೋಡುವ ಹಾಗೆ ಒಂದೊಂದೇ ಅಕ್ಷರ ಹಿಡಿದು ಓದಿದಳು. ಆಸ್ಪತ್ರೆಯ ಹೆಸರು ಸರಿಯಾಗಿಯೇ ಇತ್ತು. ಆದರೆ ಕೊನೆಯ ಚುಕ್ಕಿಯ ನಂತರದ ಎರಡು ಅಕ್ಷರ ಬೇರೆ. ಆಸ್ಪತ್ರೆಯ ನಿಜವಾದ ವಿಳಾಸದ ಬಾಲ ಅದಲ್ಲ ಎಂದು ಅಕ್ಕನ ಹಳೆಯ ಪತ್ರಗಳನ್ನು ನೋಡಿ ಖಚಿತ ಮಾಡಿಕೊಂಡಳು. ಛಾಪಖಾನೆಗೆ ಮರಳಿದವಳೇ ದಪ್ಪ ವಾರ್ಷಿಕ ಪುಸ್ತಕದ ಕೊನೆಯ ಕೋಷ್ಟಕ ತೆರೆದಳು. ಯಾವ ದೇಶಕ್ಕೆ ಯಾವ ಎರಡಕ್ಷರ ಎಂದು ಅದರಲ್ಲಿತ್ತು. ಬೆರಳು ಕೆಳಗೆ ಜಾರುತ್ತಾ ಹೋಗಿ ಸಾಗರದ ನಡುವಿನ ಒಂದು ಪುಟ್ಟ ದ್ವೀಪದೇಶದ ಹೆಸರಿನ ಮುಂದೆ ನಿಂತಿತು.

ಆ ಹೆಸರು ಅವಳಿಗೆ ಗೊತ್ತಿತ್ತು. ಮೇಲಿನ ಮಹಡಿಯ ಹೊಲಿಗೆ ಮಿಷನ್ ರಿಪೇರಿಯವರು ಅಲ್ಲಿಂದ ಬಂದವರು.

ಸಂಜೆ ಮೆಟ್ಟಿಲ ಬುಡದಲ್ಲಿ ಕೆಳಮನೆಯ ಮೇಷ್ಟ್ರು ಸಿಕ್ಕಿದರು. ನಿವೃತ್ತ ಹೆಡ್‌ಮಾಸ್ಟರ್. ಕಟ್ಟಡದ ಸಂಘಕ್ಕೆ ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿ. ತಮಗೂ ದಿನಕ್ಕೆ ಇಪ್ಪತ್ತು ಎಣ್ಣೆ ಮೇಲ್ ಬರುತ್ತಿವೆ, ಮನೆ ನಂಬರ್ ಸಮೇತ ಹೆಸರು ಹಿಡಿದು ಬರೆಯುತ್ತಾರೆ ಎಂದು ಅವರು ಗೊಣಗಿದರು. ಒತ್ತಕ್ಕನಿಗೆ ನಾಲಿಗೆ ತಡೆಯಲಿಲ್ಲ.

"ಎಲ್ಲಿಂದ ಬರ್ತಿದೆ ಅಂತ ನಾನು ಪತ್ತೆ ಮಾಡಿದೆ ಮೇಷ್ಟ್ರೇ," ಎಂದು ಎರಡಕ್ಷರದ ಕಥೆ ಹೇಳಿ ದ್ವೀಪದ ಹೆಸರು ಹೇಳಿದಳು. ಹೇಳುವಾಗ ತಪ್ಪು ಹಿಡಿದ ಹಳೆಯ ಸುಖವೇ ಇತ್ತು. ಮೇಷ್ಟ್ರು ತಲೆಯೆತ್ತಿ ಮೇಲಿನ ಮಹಡಿಯ ಕಡೆ ನೋಡಿದರು.

"ನಾನು ಅವರು ಅಂದಿಲ್ಲ," ಎಂದಳು.

"ನೀವು ಅನ್ನಬೇಕಾಗಿಲ್ಲ ಬಿಡಿ. ಏಳು ಮನೆಗೆ ಬರುತ್ತೆ, ಅವರೊಬ್ಬರ ಮನೆಗೆ ಬರಲ್ಲ. ಕೇಳಿ ನೋಡಿದೀನಿ. ಯಾವ ಬೇಲಿ ಹೊಲ ಮೇಯ್ತಿದೆ ಅಂತ ಈಗ ಗೊತ್ತಾಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ದಿನದಲ್ಲಿ ಇಂಟರ್ನೆಟ್ ಡಬ್ಬಿಗೆ ಬೀಗ ಬಿತ್ತು, ಮೇಲಿನ ಮನೆಯ ತಂತಿಯನ್ನು ಕಿತ್ತು ಸುರುಳಿ ಸುತ್ತಿ ಗೋಡೆಗೆ ನೇತುಹಾಕಿದರು. ಎದುರುಮನೆಯಾಕೆ ರಿಪೇರಿಗೆ ಕೊಟ್ಟಿದ್ದ ಮಿಷನ್ ಅರ್ಧಕ್ಕೇ ವಾಪಸ್ಸು ತಂದಳು. ಮಿಷನ್‌ನವರ ಹೆಂಡತಿ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಹನ್ನೆರಡು ವರ್ಷದಿಂದ ಆ ಮೆಟ್ಟಿಲಲ್ಲಿ ಎಲ್ಲರ ಜೊತೆ ನಿಂತು ಮಾತಾಡಿಕೊಂಡಿದ್ದ ಹೆಂಗಸು ಆಕೆ.

ಶುಕ್ರವಾರ ಬೆಳಿಗ್ಗೆ ಒತ್ತಕ್ಕ ಕೆಲಸಕ್ಕೆ ಇಳಿಯುತ್ತಿದ್ದಾಗ ಮಿಷನ್‌ನವರು ಹತ್ತಿ ಬರುತ್ತಿದ್ದರು. ಕೈಯಲ್ಲಿ ಎಣ್ಣೆಕುಪ್ಪಿ, ಬೆರಳ ಸಂದಿಯಲ್ಲಿ ಕಪ್ಪು ಗ್ರೀಸು. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು, ಆದರೆ ಮುಂದೆ ಹೋಗಲಿಲ್ಲ.

"ತಂಗೀ, ಆ ಎರಡು ಅಕ್ಷರ ನೀವೇ ಕಂಡುಹಿಡಿದಿರಂತೆ."

"ಹೌದು."

"ಸರಿಯಾಗೇ ಓದಿದೀರಿ. ನಮ್ಮ ದೇಶದ್ದೇ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. "ಆದ್ರೆ ನಮ್ಮಲ್ಲಿರೋದು ಹತ್ತುಸಾವಿರ ಜನ. ಅರ್ಧ ದಿನ ಕರೆಂಟೇ ಇರಲ್ಲ. ಆ ಅಕ್ಷರಾನ ಸರಕಾರ ಯಾವುದೋ ಕಂಪನಿಗೆ ಕೊಟ್ಟುಬಿಟ್ಟು ಬಹಳ ಕಾಲವಾಯ್ತು. ಅವರು ಕೇಳಿದೋರಿಗೆಲ್ಲ ಮಾರ್ತಾರೆ. ಕೊಂಡೋರು ಯಾರೂ ನಮ್ಮ ದಡ ನೋಡಿಲ್ಲ. ಕೆಟ್ಟ ಹೆಸರು ಮಾತ್ರ ನಮ್ಮ ದಡಕ್ಕೆ ಬಂದು ಬೀಳುತ್ತೆ."

"ನಾನು ಮೇಷ್ಟ್ರಿಗೆ ಹೇಳ್ತೀನಿ."

"ಹೇಳಿ," ಎಂದು ಅವರು ಮೇಲೆ ಹೋದರು.

ಅಂದು ಅವಳು ಒಂದೇ ಸಾಲನ್ನು ನಾಲ್ಕು ಸಲ ಓದಿದಳು. ಊಟದ ಡಬ್ಬಿ ತೆರೆದು ಮುಚ್ಚಿದಳು. ಮಧ್ಯಾಹ್ನ ಒಬ್ಬ ದಂತವೈದ್ಯರ ಲೆಟರ್‌ಹೆಡ್ ಅಚ್ಚಾಗಿ ಬಂದಾಗ ಫೋನ್ ನಂಬರಿನಲ್ಲಿ ಒಂದು ಅಂಕಿ ಹೆಚ್ಚಿತ್ತು. ಎರಡು ಸಾವಿರ ಹಾಳೆ ರದ್ದಿಗೆ ಹೋಯಿತು. ಯಜಮಾನರು ಬೈಯಲಿಲ್ಲ. "ಒತ್ತಕ್ಕನ ಕಣ್ಣಿಗೂ ವಯಸ್ಸಾಯ್ತು ಅಂತ ಕಾಣುತ್ತೆ," ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಎದ್ದು ಡಿಟಿಪಿಯವನ ಪಕ್ಕ ಸ್ಟೂಲ್ ಎಳೆದು ಕೂತಳು.

"ವಿಳಾಸ ಸುಳ್ಳು ಹೇಳುತ್ತಾ?" ಎಂದು ಕೇಳಿದಳು.

"ಬಸ್‌ಸ್ಟಾಪಿನ ಮುಂದೆ ಪ್ಯಾರಿಸ್ ಟೈಲರ್ಸ್ ಇಲ್ವಾ?" ಎಂದ ಅವನು. "ಅವನು ಪ್ಯಾರಿಸ್ ನೋಡಿರೋದು ಕ್ಯಾಲೆಂಡರಿನಲ್ಲಿ. ಇದೂ ಅಷ್ಟೇ ಮಾರಾಯ್ತಿ. ಹೆಸರು ಬೋರ್ಡು. ಅಂಗಡಿ ಎಲ್ಲಿದೆ ಅಂತ ಬೋರ್ಡು ಹೇಳಲ್ಲ."

ಅವನು ಆ ಹೆಸರನ್ನು ಯಾರು ಕೊಂಡಿದ್ದಾರೆಂದು ನೋಂದಣಿಯ ಪಟ್ಟಿಯಲ್ಲಿ ಹುಡುಕಿದ. ಕೊಂಡವರ ಹೆಸರಿರಬೇಕಾದ ಜಾಗದಲ್ಲಿ, ಹೆಸರು ಮುಚ್ಚಿಡುವುದನ್ನೇ ಕಸುಬು ಮಾಡಿಕೊಂಡ ಒಂದು ಕಂಪನಿಯ ಹೆಸರಿತ್ತು. ಅದು ಒಂದು ದೇಶದಲ್ಲಿ. ಮೇಲ್ ಹೊರಟ ಯಂತ್ರ ಇನ್ನೊಂದು ದೇಶದಲ್ಲಿ. ಇಬ್ಬರಿಗೂ ದೂರು ಬರೆದರು. ಒಬ್ಬರಿಂದ ಉತ್ತರವಿಲ್ಲ, ಇನ್ನೊಬ್ಬರಿಂದ ನಿಮ್ಮ ದೂರು ನಮಗೆ ಮುಖ್ಯ ಎಂದು ಯಂತ್ರವೇ ಬರೆದ ಉತ್ತರ. ಸೋಮವಾರದ ಹೊತ್ತಿಗೆ ಆ ವಿಳಾಸ ಸತ್ತುಹೋಗಿ ಆಸ್ಪತ್ರೆಯ ಹೆಸರಿಗೆ ಬೇರೆ ಬಾಲ ಅಂಟಿಕೊಂಡಿತ್ತು. ಈ ಸಲ ಮರಳುಗಾಡಿನ ದೇಶದ್ದು. ಬುಧವಾರ ಮತ್ತೊಂದು. ಒತ್ತಕ್ಕ ಒಂದು ಹಾಳೆಯಲ್ಲಿ ಬರೆಯುತ್ತಾ ಹೋದಳು. ಹನ್ನೊಂದು ದಿನಕ್ಕೆ ಏಳು ದೇಶವಾಯಿತು.

ಆ ಹಾಳೆ ಹಿಡಿದು ಮೇಷ್ಟ್ರ ಮನೆಗೆ ಹೋದಳು.

"ನೋಡಿ ಮೇಷ್ಟ್ರೇ. ಅಕ್ಷರ ನೋಡಿ ಜನಾನ ಹಿಡಿಯೋದಾದ್ರೆ ಏಳು ದೇಶದೋರನ್ನ ಹಿಡೀಬೇಕು."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಅವನಿಗೆ ಎಲ್ಲ ಕಡೆ ಜನ ಇರಬಹುದು," ಎಂದರು.

"ನಾನು ಹೇಳಿದ್ದು ತಪ್ಪು ಅಂತಿದೀನಿ."

"ನೀವು ಹೇಳಿದ್ದು ಸರಿಯಾಗಿತ್ತು. ಈಗ ಮನಸ್ಸು ಕರಗಿ ತಪ್ಪು ಅಂತಿದೀರಿ. ಹಾಗಾದ್ರೆ ಅವನ ಮನೆಗೆ ಮಾತ್ರ ಯಾಕೆ ಬರಲ್ಲ, ಅದಕ್ಕೆ ಉತ್ತರ ಕೊಡಿ."

ಒತ್ತಕ್ಕ ಹಾಳೆ ಮಡಿಸಿಕೊಂಡು ಹೊರಟಳು. ಮೆಟ್ಟಿಲು ಹತ್ತಿ, ಮನೆ ಬಾಗಿಲು ತೆರೆದು, ಒಳಗೆ ಹೋಗದೆ ಮತ್ತೆ ಇಳಿದು, ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಅಕ್ಕ ಈಗ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ನಿವೃತ್ತ ನರ್ಸ್‌ಗಳು ತಿಂಗಳಿಗೊಮ್ಮೆ ಸೇರುತ್ತಿದ್ದ ಕೂಟಕ್ಕೂ ತಲೆನೋವಿನ ನೆಪ ಹೇಳಿದ್ದಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಬಾ, ಕೂತ್ಕೋ," ಎಂದಳು ಅಕ್ಕ.

"ನನಗೆ ಗೊತ್ತಿರೋ ಕೆಲಸ ಒಂದೇ ಅಕ್ಕ. ಅದನ್ನೇ ಇನ್ನೂ ಮಾಡಿಲ್ಲ."

ಮಾರನೆಯ ದಿನ ಏಳು ಮನೆಗಳಿಗೆ ಬಂದ ಮೇಲ್‌ಗಳಲ್ಲಿ ಅಳಿಸದೆ ಉಳಿದವನ್ನೆಲ್ಲ ಕೇಳಿ ತರಿಸಿಕೊಂಡು, ಛಾಪಖಾನೆಯಲ್ಲಿ ಅಚ್ಚು ಹಾಕಿಸಿ, ಕೆಂಪು ಪೆನ್ನು ಹಿಡಿದು ಕೂತಳು. ಅರವತ್ತಮೂರು ಹಾಳೆ. ವಿಳಾಸದ ಸಾಲನ್ನು ಕೈಯಿಂದ ಮುಚ್ಚಿ ಒಳಗಿನ ಬರಹವನ್ನಷ್ಟೇ ಪ್ರೂಫ್ ನೋಡಿದಳು. ಹತ್ತನೆಯ ಹಾಳೆಯ ಹೊತ್ತಿಗೆ ಕೈ ನಿಧಾನವಾಯಿತು. ವಿಳಾಸ ಏಳು ದೇಶದ್ದಾದರೂ ತಪ್ಪುಗಳು ಒಬ್ಬನವೇ. ಎಲ್ಲದರಲ್ಲೂ ಅಲ್ಪವಿರಾಮಕ್ಕೆ ಮೊದಲು ಒಂದು ಖಾಲಿ ಜಾಗ. ಎಲ್ಲದರಲ್ಲೂ "ಉಪಶಮನ" ಇರಬೇಕಾದ ಕಡೆ "ಉಪಶಮಾನ".

ಉಪಶಮಾನ. ಈ ಪದಕ್ಕೆ ಅವಳು ಹಿಂದೆ ಒಮ್ಮೆ ಸುತ್ತು ಹಾಕಿದ್ದಳು. ಹಾಕಿದ್ದಷ್ಟೇ ಅಲ್ಲ, ಜಗಳವಾಡಿದ್ದಳು. ಕಳೆದ ವರ್ಷ ಒಬ್ಬ ಗಿರಾಕಿ, "ನಮ್ಮಲ್ಲಿ ಹೀಗೇ ಬರೆಯೋದು, ನೀವು ತಿದ್ದಬೇಡಿ," ಎಂದು ಮೇಜು ಕುಟ್ಟಿದ್ದ.

ಹಳೆಯ ಪ್ರೂಫ್‌ಗಳ ಕಟ್ಟುಗಳು ಅಟ್ಟದ ಮೇಲಿದ್ದವು. ಡಿಟಿಪಿಯವನು ಏಣಿ ಹಿಡಿದ, ಅವಳು ಹತ್ತಿ ಒಂದೊಂದೇ ಕಟ್ಟು ಬಿಚ್ಚಿದಳು. ದೂಳಿಗೆ ಕೆಮ್ಮು ಬಂತು. ಮೂರನೆಯ ಕಟ್ಟಿನಲ್ಲಿ ಸಿಕ್ಕಿತು. ಮೊಣಕಾಲು ಎಣ್ಣೆಯ ಕರಪತ್ರ, ಅದರ ಮೇಲೆ ಅವಳ ಕೆಂಪು ಸುತ್ತು, ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ "ಗಿರಾಕಿಯ ಇಚ್ಛೆಯಂತೆ ಬಿಡಲಾಗಿದೆ," ಕೆಳಗೆ ಗಿರಾಕಿಯ ಸಹಿ. ಕರಪತ್ರದ ಪಠ್ಯವೂ ಮೇಲ್‌ಗಳ ಪಠ್ಯವೂ ಪದಕ್ಕೆ ಪದ ಒಂದೇ. ಬುಡದಲ್ಲಿ ಕಚೇರಿಯ ವಿಳಾಸ. ಯಾವ ಸಾಗರವನ್ನೂ ದಾಟಬೇಕಾಗಿರಲಿಲ್ಲ. ಛಾಪಖಾನೆಯ ಮುಂದೆ ಬಸ್ ಹತ್ತಿದರೆ ಆರನೆಯ ಸ್ಟಾಪು.

ಅಕ್ಕನನ್ನು ಹೊರಡಿಸುವುದು ಸುಲಭವಾಗಲಿಲ್ಲ. ಕೊನೆಗೆ ಅವಳು ಆಸ್ಪತ್ರೆಗೆ ಉಟ್ಟು ಹೋಗುತ್ತಿದ್ದ ಬಿಳಿಯ ಸೀರೆಯನ್ನೇ ಉಟ್ಟು ಹೊರಟಳು. ಸೈಕಲ್ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಕಚೇರಿ. ರಟ್ಟಿನ ಪೆಟ್ಟಿಗೆಗಳ ನಡುವೆ ಮ್ಯಾನೇಜರು ಕೂತಿದ್ದ. ಮರ್ಯಾದಸ್ಥನೇ. ಇಬ್ಬರಿಗೂ ಕುರ್ಚಿ ಹಾಕಿಸಿ, ನೀರು ಕೊಡಿಸಿ, ಹಾಳೆಗಳನ್ನು ತಿರುವಿ ನೋಡಿದ.

"ಇದು ನಾವು ಕಳಿಸಿದ್ದಲ್ಲ ಮೇಡಂ. ಪ್ರಚಾರದ ಕೆಲಸ ಹೊರಗಡೆಯವರಿಗೆ ಕೊಟ್ಟಿದೀವಿ. ಅವರು ಯಾವ ಹೆಸರು ಹಾಕಿ ಕಳಿಸ್ತಾರೋ ನಮಗೇನು ಗೊತ್ತು?"

"ನಮ್ಮ ವಿಳಾಸ ಅವರಿಗೆ ಕೊಟ್ಟವರು ಯಾರು?" ಎಂದಳು ಒತ್ತಕ್ಕ.

"ನೀವೇ." ಅವನು ಎದ್ದು ಒಂದು ಫೈಲು ತೆಗೆದ. "ನಾವು ಕದ್ದಿಲ್ಲ. ನಿಮ್ಮ ಕಟ್ಟಡದಲ್ಲಿ ಮೊಣಕಾಲು ತಪಾಸಣೆ ಶಿಬಿರ ಮಾಡಿದ್ವಲ್ಲ. ಮೇಷ್ಟ್ರೊಬ್ಬರು ಅವರ ಮನೇಲೇ ಜಾಗ ಕೊಟ್ಟಿದ್ರು. ಆಗ ಎಲ್ಲರೂ ಬರೆದು ಸಹಿ ಮಾಡಿದಾರೆ."

ಫೈಲಿನ ಮೊದಲ ಹಾಳೆಯಲ್ಲೇ ಇತ್ತು. ಹೆಸರು, ಮನೆ ನಂಬರ್, ಮೇಲ್ ವಿಳಾಸ. ಏಳು ಮನೆಯವರ ಕೈಬರಹ, ಎಲ್ಲರಿಗಿಂತ ಮೇಲೆ ಮೇಷ್ಟ್ರದು. ಎಂಟನೆಯ ಮನೆಯದು ಇರಲಿಲ್ಲ. ಶಿಬಿರ ನಡೆದದ್ದು ಒಂದು ಗುರುವಾರ. ಮಿಷನ್‌ನವರು ಕೆಲಸಕ್ಕೆ ಹೋಗಿದ್ದರು, ಅವರ ಹೆಂಡತಿ ಬಾಗಿಲಲ್ಲೇ ನಿಂತು ನೋಡಿ, ನನ್ನ ಮೊಣಕಾಲು ಗಟ್ಟಿ ಇದೆ ಎಂದು ನಕ್ಕು ಹತ್ತಿ ಹೋಗಿದ್ದರು. ಒತ್ತಕ್ಕನಿಗೆ ಆ ನಗು ಕೂಡ ನೆನಪಿಗೆ ಬಂತು. ಅವರ ಮನೆಗೆ ಯಾಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಇಷ್ಟೇ ಆಗಿತ್ತು.

ಹೊರಗಡೆಯವರು ಯಾರು ಎಂದು ಕೇಳಿದರೆ ಮ್ಯಾನೇಜರ ಬಳಿ ಇದ್ದದ್ದು ಒಂದು ಫೋನ್ ನಂಬರ್. ಅವನೇ ಮಾಡಿ ನೋಡಿದ. ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಬಂತು. ಅವನ ಮುಖ ನಿಜವಾಗಿಯೂ ಪೆಚ್ಚಾಯಿತು.

ಅಕ್ಕ ತಂಗಿಯತ್ತ ಕೈಚಾಚಿದಳು. "ನಿನ್ನ ಕೆಂಪು ಪೆನ್ನು ಕೊಡು."

ಹಾಳೆಯ ಮೇಲೆ ತನ್ನ ಹೆಸರನ್ನು ಹೊಡೆದುಹಾಕಿದಳು. ಆಮೇಲೆ ಉಳಿದ ಆರನ್ನೂ ಒಂದೊಂದಾಗಿ.

"ಅದನ್ನ ಹೊಡೆದ್ರೆ ಏನೂ ಆಗಲ್ಲ ಮೇಡಂ," ಎಂದ ಮ್ಯಾನೇಜರು ಮೆಲ್ಲಗೆ. "ಎಲ್ಲ ಕಂಪ್ಯೂಟರಿನಲ್ಲಿದೆ. ಎಷ್ಟು ಜನರ ಹತ್ತಿರ ಹೋಗಿದೆಯೋ."

"ಇರ್ಲಿ. ಇದು ನನ್ನ ಕೈಬರಹ. ನಿಮ್ಮ ಹತ್ತಿರ ಇರೋದು ಬೇಡ." ಅಕ್ಕ ಎದ್ದಳು. "ಆಮೇಲೆ, ಆ ಎಣ್ಣೆಯಿಂದ ಮೊಣಕಾಲು ವಾಸಿಯಾಗಲ್ಲ. ಅದನ್ನೂ ಬರೆದುಕೊಳ್ಳಿ."

ಭಾನುವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಎಲ್ಲರೂ ಸೇರಿದರು. ಮಿಷನ್‌ನವರೊಬ್ಬರೇ ಬಂದು ಕೊನೆಯಲ್ಲಿ ನಿಂತರು. ಒತ್ತಕ್ಕ ಕರಪತ್ರವನ್ನೂ ಮೇಲ್‌ಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ಶಿಬಿರದ ಹಾಳೆಯ ವಿಷಯ ಬಂದಾಗ ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಉಚಿತ ತಪಾಸಣೆ ಅಂದ್ರು. ನಾಲ್ಕು ಜನಕ್ಕೆ ಒಳ್ಳೇದಾಗ್ಲಿ ಅಂತ ಕರೆದೆ," ಎಂದರು. ಆಮೇಲೆ, "ತಪ್ಪು ಎಲ್ಲರಿಂದ ಆಗುತ್ತೆ," ಎಂದು ಸೇರಿಸಿದರು.

"ಎಲ್ಲರಿಂದ ಅಲ್ಲ ಮೇಷ್ಟ್ರೇ," ಎಂದಳು ಒತ್ತಕ್ಕ. "ಮೊದಲು ಬಾಯಿ ಬಿಟ್ಟೋಳು ನಾನು. ಎರಡು ಅಕ್ಷರ ಓದಿ ಮನುಷ್ಯರನ್ನ ಓದಿದೆ ಅಂದ್ಕೊಂಡೆ." ಅವಳು ಹಿಂದೆ ತಿರುಗಿ ಮಿಷನ್‌ನವರಿಗೆ ಕೈಮುಗಿದಳು. "ಅಣ್ಣ, ನನ್ನಿಂದ ತಪ್ಪಾಯ್ತು."

ಮಿಷನ್‌ನವರು ತಲೆಯಾಡಿಸಿದರು. ಮೇಷ್ಟ್ರು ತಾವೇ ಬೀಗ ತೆಗೆದು, ಗೋಡೆಯ ಮೇಲಿದ್ದ ತಂತಿಯ ಸುರುಳಿ ಬಿಚ್ಚತೊಡಗಿದರು. ಅವರ ಬೆರಳಿಗೆ ಅದು ಸಿಕ್ಕು ಸಿಕ್ಕಾಯಿತು.

"ಬೇಡ ಮೇಷ್ಟ್ರೇ, ಬಿಡಿ," ಎಂದರು ಮಿಷನ್‌ನವರು. "ಬೇರೆ ಮನೆ ನೋಡಿ ಆಗಿದೆ. ತಿಂಗಳ ಕೊನೆಗೆ ಹೋಗ್ತೀವಿ."

ಅವರು ಮೆಟ್ಟಿಲ ಕಡೆ ತಿರುಗಿದರು. ಒತ್ತಕ್ಕ ಅವರ ಹಿಂದೆಯೇ ಮೇಲಕ್ಕೆ ಹೋದಳು. ಬಾಗಿಲ ಬಳಿ ಅವರು ನಿಂತರು.

"ನಿಮ್ಮ ಮೇಲೆ ಸಿಟ್ಟಿಲ್ಲ ತಂಗಿ. ನನಗೆ ಹೇಗೋ ಆಗುತ್ತೆ. ಇವಳಿಗೆ ಆಗಲ್ಲ. ಮುಚ್ಚಿದ ಬಾಗಿಲು ಮತ್ತೆ ತೆಗೆದ್ರೂ, ಮುಚ್ಚಿದ ಸದ್ದು ಕಿವಿಯಲ್ಲಿ ಉಳೀತು ಅಂತಾಳೆ."

ಒಳಗಿನಿಂದ ಪಾತ್ರೆ ಕಟ್ಟುವ ಸದ್ದು ಬರುತ್ತಿತ್ತು. ಹೆಂಡತಿ ಹೊರಗೆ ಬರಲಿಲ್ಲ.

ಹೀಗೆ ಅವರು ಹೋದರು. ಆಸ್ಪತ್ರೆಯವರು ಅಕ್ಕನ ದೂರು ಓದಿ, ತಮ್ಮ ಹೆಸರಿನಲ್ಲಿ ಬರುವ ಇಂಥ ಮೇಲ್‌ಗಳು ತಮ್ಮವಲ್ಲವೆಂದು ಎಲ್ಲ ನಿವೃತ್ತರಿಗೂ ಕಾಗದ ಬರೆದರು. ಹಳೆಯ ಮುಖ್ಯ ವೈದ್ಯರು ತಾವೇ ಫೋನ್ ಮಾಡಿ ಅಕ್ಕನೊಡನೆ ಅರ್ಧ ಗಂಟೆ ಮಾತಾಡಿದರು. ಮುಂದಿನ ಕೂಟಕ್ಕೆ ಅಕ್ಕ ಹೋದಳು. ಅಲ್ಲಿ ಇನ್ನೂ ಆರು ಜನ ಅದೇ ಗುಂಡಿಗೆ ಬಿದ್ದವರಿದ್ದರು, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ಎಣ್ಣೆ ಕಂಪನಿ ಆ ಪ್ರಚಾರ ನಿಲ್ಲಿಸಿತು. ಮೇಲ್‌ಗಳು ನಿಲ್ಲಲಿಲ್ಲ. ಎಣ್ಣೆ ಹೋಗಿ ಹಾಸಿಗೆ ಬಂತು, ಹಾಸಿಗೆ ಹೋಗಿ ವಿಮೆ ಬಂತು, ವಿಳಾಸದ ಬಾಲ ದಿನಕ್ಕೊಂದು. ಒತ್ತಕ್ಕನಿಗೆ ಈಗಲೂ ಆ ಎರಡಕ್ಷರದ ಮೇಲೆ ಕಣ್ಣು ಹೋಗುತ್ತದೆ, ಕೋಷ್ಟಕ ತೆರೆಯಲು ಕೈ ತುಡಿಯುತ್ತದೆ. ತೆರೆಯುವುದಿಲ್ಲ.

ಮಿಷನ್‌ನವರ ಹೊಸ ಮನೆ ಊರಿನ ಇನ್ನೊಂದು ತುದಿಯಲ್ಲಿ. ಅವಳು ಎರಡು ಬಸ್ ಬದಲಾಯಿಸಿ ಒಂದು ಶನಿವಾರ ಹೋದಳು. ಅವರು ಕೆಲಸಕ್ಕೆ ಹೋಗಿದ್ದರು, ಹೆಂಡತಿ ಬಾಗಿಲು ತೆರೆಯಲಿಲ್ಲ. ಒಳಗೆ ಇರುವುದು ಗೊತ್ತಾಗುತ್ತಿತ್ತು. ಮುಂದಿನ ಶನಿವಾರವೂ ಹೋದಳು, ಅದೇ ಆಯಿತು. "ಸುಮ್ಮನೆ ಯಾಕೆ ಹೋಗ್ತೀಯಾ?" ಎಂದು ಅಕ್ಕ ಕೇಳಿದಳು. ಮನೆಯಲ್ಲಿ ಕೂತರೆ ಒತ್ತಕ್ಕನಿಗೆ ಮೈಯಲ್ಲಿ ಇರುವೆ ಹರಿದಾಡಿದ ಹಾಗೆ ಆಗುತ್ತಿತ್ತು, ಅಷ್ಟೇ.

ನಾಲ್ಕನೆಯ ಶನಿವಾರ ಬಾಗಿಲು ಅರ್ಧ ತೆರೆಯಿತು. ಆ ಹೆಂಗಸು ಕೈ ಒರೆಸಿಕೊಳ್ಳುತ್ತಾ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಅವರು ಮನೇಲಿಲ್ಲ," ಎಂದರು.

"ಗೊತ್ತು. ನಿಮ್ಮನ್ನ ನೋಡೋಕೆ ಬಂದೆ."

"ನೋಡಿ ಆಯ್ತಲ್ಲ."

"ಆಯ್ತು," ಎಂದಳು ಒತ್ತಕ್ಕ. ಆದರೆ ಹೊರಡಲಿಲ್ಲ. ಆ ಹೆಂಗಸೂ ಬಾಗಿಲು ಮುಚ್ಚಲಿಲ್ಲ. ಹೊಸಿಲಿನ ಆಚೆಗೊಬ್ಬರು, ಈಚೆಗೊಬ್ಬರು ನಿಂತರು. ಆಮೇಲೆ ಆಕೆ, "ಬಿಸಿಲಲ್ಲಿ ಯಾಕೆ ನಿಂತಿದೀರಿ, ಈ ಕಡೆ ನೆರಳಿಗೆ ಬನ್ನಿ," ಎಂದು ಅರ್ಧ ಹೆಜ್ಜೆ ಹಿಂದೆ ಸರಿದರು.